ಹೋಗಿ ಬರ್ತೇನ್ರಿ

ಆಳಂದದಲ್ಲಿ ನಗೆಪಾಟಲಾಗುವುದು ನನಗೆ ದಿನದ ಪಾಠ. ಮೂವತ್ತರ ದಶಕದ ಕೊನೆಗೆ ಸರ್ಕಾರಿ ವಜೀಫಾ, ಅಂದರೆ ವಿದ್ಯಾರ್ಥಿವೇತನ, ಸಿಕ್ಕಿ, ಒಕ್ಕಲುತನ ಓದಲು ವೇಲ್ಸ್ ದೇಶಕ್ಕೆ ಹೊರಟಾಗ ಅದೂ ನನ್ನ ಜೊತೆ ಹಡಗು ಹತ್ತಿತು.

ಹೊರಡುವ ದಿನ ಅವ್ವ ನನ್ನ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಮುಟ್ಟಿ, "ಇದು ನಿಮ್ಮ ಮುತ್ಯಾನ ಕೊರಳಾಗ ಇದ್ದದ್ದು. ಕಳಕೊಂಡು ಬಂದಿ ಅಂದ್ರ ನನ್ನ ಹೊಸ್ತಿಲಾ ತುಳೀಬ್ಯಾಡ ನೋಡು" ಎಂದಿದ್ದಳು.

೧

ಚಳಿಗಾಲದ ರಜೆಯಲ್ಲಿ ಎರಡು ದಿನ ಒಂದು ಕಡಲೂರಿಗೆ ಹೋದೆ. ಅಲ್ಲಿಗೆ ಜನ ಬರುವುದು ಬೇಸಿಗೆಯಲ್ಲಂತೆ. ಈಗ ಅಂಗಡಿ ಬಂದ್, ಹೋಟೆಲ್ ಬಂದ್. ಒಬ್ಬ ಮುದುಕಿ ಮಾತ್ರ ತನ್ನ ಮನೆಯಲ್ಲಿ ಖೋಲಿ ಕೊಟ್ಟಳು. ದಂಡೆಗೆ ಹೋದರೆ ಸಮುದ್ರವೂ ಇಲ್ಲ! ಕಣ್ಣು ಹಾಯುವಷ್ಟು ದೂರ ಬರೀ ಮರಳು. ಅಫಜಲಪುರದ ಕಡೆ ಭೀಮಾ ನದಿ ಬತ್ತುವುದನ್ನು ಕಂಡವನು ನಾನು. ಪಾಪ, ಇವರಿಗೂ ಮಳೆ ಕೈಕೊಟ್ಟಿದೆ ಎಂದುಕೊಂಡು ನಡುಮರಳಿನ ಬಂಡೆಯ ಮೇಲೆ ಕೂತು ಕಣ್ಣು ಮುಚ್ಚಿದೆ. ತೆರೆದಾಗ ಉಬ್ಬರ ಬಂದು, ಕೂತಲ್ಲೇ ಸೊಂಟದ ತನಕ ನೀರು. ಬಿದ್ದು ಎದ್ದು, ಕೊರಳಿನ ಕರಡಿಗೆಯ ಶಿವದಾರದ ತನಕ ತೊಯ್ದು, ಮನೆ ಸೇರಿದೆ.

ಮುದುಕಿಯ ಇಂಗ್ಲಿಷನ್ನು ನಮ್ಮ ಮಾತಿನಲ್ಲೇ ಹೇಳಿಬಿಡುತ್ತೇನೆ. "ಸಮುದ್ರ ನೋಡಿದೇನು, ತಮ್ಮಾ?" ಎಂದಳು.

"ನಾ ಏನ್ ನೋಡ್ಲಿರಿ, ಅದೇ ಬಂದು ನನ್ನ ನೋಡಿ ಹೋತು" ಎಂದೆ.

೨

ಆಕೆ ಅಗ್ಗಿಷ್ಟಿಕೆ ಹೊತ್ತಿಸಿ, ಒಣ ಬಟ್ಟೆ ಕೊಟ್ಟಳು. ಉಪಕಾರಕ್ಕೆ ಪ್ರತಿಯಾಗಿ, ಹಡಗಿನಲ್ಲಿ ತಿನ್ನಲು ಅವ್ವ ಕಟ್ಟಿಕೊಟ್ಟಿದ್ದ ಖಡಕ್ ಜೋಳದ ರೊಟ್ಟಿಗಳಲ್ಲಿ ಉಳಿದಿದ್ದೊಂದನ್ನು ಆಕೆಯ ಕೈಗಿಟ್ಟೆ. ತಿರುಗಿಸಿ ನೋಡಿದಳು, ಬೆರಳಿನಿಂದ ತಟ್ಟಿ ನೋಡಿದಳು. ಮುಖ ಅರಳಿತು. ಮೇಜಿನ ಮೇಲೆ ಇಟ್ಟು, ಅದರ ಮೇಲೆ ಬಿಸಿ ಚಹಾದ ಕಿಟ್ಲಿ ಇಟ್ಟಳು.

"ಭಾಳ ಚಂದ ಅದ. ಇನ್ನೂ ಐದು ಇದ್ರ ಒಂದು ಸೆಟ್ ಆಗ್ತಿತ್ತು!"

೩

ನಾನೇ ಆ ವರ್ಷದ ಕೊನೆಯ ಗಿರಾಕಿ. ನಾನು ಹೋದೊಡನೆ ಮನೆಗೆ ಬೀಗ ಹಾಕಿ, ಬೇಸಿಗೆಯ ತನಕ ಮಗಳ ಊರಿನಲ್ಲಿರುತ್ತೇನೆ ಎಂದಿದ್ದಳು ಮುದುಕಿ.

ಮುಂಜಾನೆ ಹೊರಟೆ. ನಮ್ಮ ಕಡೆ ಮನೆ ಬಿಡುವಾಗ 'ಹೋಗ್ತೇನಿ' ಎನ್ನಬಾರದು, ಅಪಶಕುನ. 'ಹೋಗಿ ಬರ್ತೇನಿ' ಎನ್ನಬೇಕು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.

ಆಕೆ ಗಲಿಬಿಲಿಗೊಂಡು, "ಎಷ್ಟೊತ್ತಿಗಿ?" ಎಂದಳು.

ರೈಲಿನ ಹೊತ್ತು ಕೇಳಿದಳೆಂದು ನಾನು, "ಒಂದು ಗಂಟೆಕ್ಕರಿ" ಎಂದೆ.

ರೈಲಿನ ಡಬ್ಬಿಯಲ್ಲಿ ಕೂತ ಮೇಲೆ ಕೈ ಎದೆಗೆ ಹೋಯಿತು. ಕರಡಿಗೆ ಇಲ್ಲ! ಮುಂಜಾನೆ ಪೂಜೆ ಮುಗಿಸಿ, ಶಿವದಾರ ಇನ್ನೂ ಹಸಿಯಿದೆಯೆಂದು ಬೆಂಕಿಯ ಪಕ್ಕ ಇಟ್ಟದ್ದು ಅಲ್ಲೇ ಉಳಿದಿತ್ತು. ರೈಲು ಹೊರಡಲು ಇನ್ನೂ ಹೊತ್ತಿತ್ತು. ರೈಲಿನಿಂದ ಜಿಗಿದು ಓಡಿದೆ. ಅಷ್ಟರಲ್ಲಿ ಆಕೆ ಬೀಗ ಹಾಕಿ ಹೋಗಿದ್ದರೆ? ದಾರಿಯುದ್ದಕ್ಕೂ ಕಣ್ಣಮುಂದೆ ಅವ್ವನ ಹೊಸ್ತಿಲೇ.

ಬಾಗಿಲು ತೆರೆದೇ ಇತ್ತು! ಮುದುಕಿ ಕೋಟು ತೊಟ್ಟು, ಟೋಪಿ ಹಾಕಿ, ಪಕ್ಕದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ಮೇಜಿನ ಮೇಲೆ ಕುದಿಸಿದ ಆಲೂಗಡ್ಡೆ, ಅದರ ಬದಿಗೆ ನನ್ನ ಕರಡಿಗೆ.

ಗಡಿಯಾರ ನೋಡಿ, "ಲಗೂನೇ ಬಂದಿ. ಒಂದು ಗಂಟೆಕ್ಕ ಬರ್ತೇನಿ ಅಂದಿದ್ದಿ, ಅದಕ್ಕ ಕುಂತೇನಿ" ಎಂದಳು.

ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡೆ. ಹೋದ ಜೀವ ಬಂದಂತಾಯಿತು. ಆಲೂಗಡ್ಡೆ ಒಂದೂ ಬಿಡದೆ ತಿಂದೆ. ಮತ್ತೆ ಬಾಗಿಲಿಗೆ ಬಂದು, ಈ ಸಲ ತಪ್ಪಬಾರದೆಂದು ಬಾಯಿ ತೆರೆದೆ. 'ಹೋಗ್ತೇನಿ' ಎನ್ನಲು ನಾಲಿಗೆಯೇ ಏಳಲಿಲ್ಲ. "ಹೋಗಿ ಬರ್ತೇನ್ರಿ" ಎಂದುಬಿಟ್ಟೆ.

ಮುದುಕಿ ನನ್ನನ್ನೇ ನೋಡಿದಳು. ನಿಟ್ಟುಸಿರು ಬಿಟ್ಟಳು. ಟೋಪಿ ತೆಗೆದಳು.

"ಈ ಸಲ ಎಷ್ಟು ಆಲೂಗಡ್ಡಿ ಕುದಿಸ್ಲಿ, ತಮ್ಮಾ?"