ಚಿಂತಾಮಣಿಗೆ ಸಾರಿನ ಪುಡಿ ಹೋದ ದಾರಿ

ಹೊಸ ಊರಿಗೆ ವ್ಯಾಪಾರಕ್ಕೆ ಹೋಗುವುದೂ ಹೊಸ ಬೀಗರ ಮನೆಗೆ ಊಟಕ್ಕೆ ಹೋಗುವುದೂ ಹೆಚ್ಚುಕಡಿಮೆ ಒಂದೇ ಎಂದು ನಾನು ತಿಳಿದಿದ್ದೇನೆ. ಬೇಗ ಹೋದರೆ ಅವರಿನ್ನೂ ಒಲೆ ಹಚ್ಚಿರುವುದಿಲ್ಲ. ತಡವಾಗಿ ಹೋದರೆ ಬೇರೆಯವರು ಉಂಡು ಎಲೆ ಎತ್ತಿರುತ್ತಾರೆ. ಸರಿಯಾದ ಹೊತ್ತಿಗೇ ಹೋದರೂ ಎಲ್ಲಿ ಕೂರಬೇಕು, ಎಷ್ಟು ಮಾತಾಡಬೇಕು, ಬೇಡ ಬೇಡ ಎಂದು ಎಷ್ಟು ಸಲ ಹೇಳಿ ಆಮೇಲೆ ಬಡಿಸಿಕೊಳ್ಳಬೇಕು ಎನ್ನುವುದು ತಿಳಿದಿರಬೇಕು. ಇದನ್ನು ನಾನು ಯಾವ ಕಾಲೇಜಿನಲ್ಲೂ ಕಲಿತವನಲ್ಲ. ಗೌರಿಬಿದನೂರಿನಲ್ಲಿ ಪಿಯುಸಿ ಮುಗಿಸಿದವನು, ಅದೂ ಎರಡನೇ ಪ್ರಯತ್ನದಲ್ಲಿ. ಕಲಿಸಿದವಳು ನಮ್ಮ ಸರೋಜಕ್ಕ. ಕಳೆದ ಆಷಾಢದಲ್ಲಿ ಅವಳು ತೀರಿಕೊಂಡಳು. ಅಲ್ಲಿಂದ ಈಚೆಗೆ ಕಂಪನಿಯ ತೀರ್ಮಾನಗಳೆಲ್ಲ ನನ್ನ ತಲೆಯ ಮೇಲೆ ಬಿದ್ದಿವೆ.

ಕಂಪನಿ ಎಂದಕೂಡಲೇ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಮನೆಯ ಹಿಂದೆ ಶೀಟು ಹೊದಿಸಿದ ಒಂದು ಉದ್ದನೆಯ ಕೋಣೆ, ಅದರೊಳಗೆ ಪುಡಿ ಮಾಡುವ ಮಿಷನ್ನು, ಎರಡು ದೊಡ್ಡ ಬಾಣಲೆ, ಹುರಿಯುವುದಕ್ಕೆ ಇಬ್ಬರು ಹೆಂಗಸರು, ಹೊರಗಡೆ ಒಂದು ಲಗೇಜ್ ಆಟೊ, ಅದನ್ನು ಓಡಿಸುವುದಕ್ಕೆ ನಾನು. ತಯಾರಾಗುವುದು ಒಂದೇ ಪದಾರ್ಥ, ಸಾರಿನ ಪುಡಿ. ಕಂಪನಿಗೆ ತಲೆ, ಮೂಗು, ನಾಲಿಗೆ ಮೂರೂ ಅಕ್ಕನೇ ಆಗಿದ್ದಳು. ನಾನು ಚಕ್ರ. ತಲೆ ಇಲ್ಲದ ಮೇಲೂ ಚಕ್ರ ಉರುಳುತ್ತದೆ ಎಂಬುದನ್ನು ಈ ಏಳೆಂಟು ತಿಂಗಳಲ್ಲಿ ಕಂಡುಕೊಂಡಿದ್ದೇನೆ. ಆದರೆ ಎಲ್ಲಿ ತಿರುಗಬೇಕು ಎಂಬಲ್ಲಿ ನಿಂತುಬಿಡುತ್ತದೆ.

ಸಾರಿನ ಪುಡಿಯ ಕಷ್ಟ ಏನೆಂದರೆ, ಅದಕ್ಕೆ ಎದುರಾಳಿ ಬೇರೆ ಕಂಪನಿಯಲ್ಲ, ಗಿರಾಕಿಯೇ. ಪ್ರತಿ ಮನೆಯಲ್ಲೂ ಒಬ್ಬರು ತಾವು ಮಾಡುವ ಪುಡಿಯೇ ಪುಡಿ ಎಂದು ನಂಬಿರುತ್ತಾರೆ. ಅವರ ಅಡುಗೆಮನೆಗೆ ನಮ್ಮ ಪ್ಯಾಕೆಟ್ಟು ನುಗ್ಗಬೇಕು. ಇದು ಗೊತ್ತಿದ್ದೂ ನಾವು ಶಿಡ್ಲಘಟ್ಟದಲ್ಲಿ ಒಂದು ದೊಡ್ಡ ತಪ್ಪು ಮಾಡಿದೆವು. ಹೋಗಿದ್ದು ಬೇಸಿಗೆಯಲ್ಲಿ, ಯುಗಾದಿ ಮುಗಿದ ಮೇಲೆ. ಊರೊಳಗೆ ಕಾಲಿಟ್ಟರೆ ಪ್ರತಿ ತಾರಸಿಯ ಮೇಲೂ ಮೆಣಸಿನಕಾಯಿ ಒಣಗಲು ಹಾಕಿದ್ದಾರೆ, ಊರಿಗೆ ಊರೇ ಕೆಂಪಗಿದೆ. ಅಕ್ಕನಿಗೆ ಖುಷಿಯೋ ಖುಷಿ. ಸಾರಿಗೆ ಇಷ್ಟು ಮರ್ಯಾದೆ ಕೊಡುವ ಊರನ್ನು ಎಲ್ಲೂ ನೋಡಿಲ್ಲ, ಇಲ್ಲಿ ಖಂಡಿತ ಓಡುತ್ತದೆ ಎಂದಳು. ನಾನೂ ತಲೆಯಾಡಿಸಿದೆ, ತಲೆಯಾಡಿಸುವುದು ಚಕ್ರದ ಕೆಲಸವಲ್ಲದಿದ್ದರೂ. ಅಂಗಡಿಗಳಿಗೆಲ್ಲ ಪೆಟ್ಟಿಗೆಗಟ್ಟಲೆ ಹಾಕಿ ಬಂದೆವು. ಒಂದೂವರೆ ತಿಂಗಳಾದ ಮೇಲೆ ಎಲ್ಲವೂ ಹಾಗೇ ವಾಪಸ್ಸು ಬಂತು. ತಾರಸಿಯ ಮೇಲೆ ಮೆಣಸಿನಕಾಯಿ ಒಣಗುತ್ತಿದೆ ಎಂದರೆ ಆ ಮನೆಯಲ್ಲಿ ವರ್ಷದ ಪುಡಿ ತಯಾರಾಗುತ್ತಿದೆ ಎಂದು ಅರ್ಥ. ಇಡೀ ಊರು ಡಬ್ಬ ತುಂಬಿಸಿಕೊಳ್ಳುತ್ತಿದ್ದ ವಾರದಲ್ಲಿ ನಾವು ಪುಡಿ ಮಾರಲು ಹೋಗಿದ್ದೆವು. ವಾಪಸ್ಸು ಬಂದ ಪೆಟ್ಟಿಗೆಗಳ ನಡುವೆ ಕೂತು ಅಕ್ಕ ಒಂದೊಂದನ್ನೇ ಎಣಿಸಿದಳು. ಆಮೇಲೆ, ಇನ್ನು ಮುಂದೆ ಯಾವ ಊರಿಗಾದರೂ ಡಬ್ಬದ ತಳ ಕಾಣುವ ಕಾಲದಲ್ಲೇ ಹೋಗಬೇಕು ಎಂದಳು. ಎಂದರೆ ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ. ಹಳೆಯ ಪುಡಿ ಮುಗಿಯುತ್ತಾ ಬಂದಿರುತ್ತದೆ, ಇದ್ದರೂ ಘಮ ಹೋಗಿರುತ್ತದೆ, ಹೊಸ ಪುಡಿ ಮಾಡುವ ಬಿಸಿಲು ಇನ್ನೂ ಬಂದಿರುವುದಿಲ್ಲ.

ತೊಂಡೇಬಾವಿಯದು ಬೇರೆ ಪಾಠ. ಅದು ನಮ್ಮ ಪಕ್ಕದ ಊರು. ನಾವು ಹೋಗಬೇಕು ಎನ್ನುವಷ್ಟರಲ್ಲಿ ಯಾವುದೋ ದೊಡ್ಡ ಕಂಪನಿಯ ಪುಡಿ ಅಲ್ಲಿನ ಅಂಗಡಿಗಳಲ್ಲಿ ತೋರಣದ ಹಾಗೆ ನೇತಾಡತೊಡಗಿತು. ನಾನು ಈಗಲೇ ಆಟೊ ತೆಗೆದು ಹೊರಟುಬಿಡೋಣವೆಂದೆ. ಅಕ್ಕ ಮಾತ್ರ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. “ಅವರು ಮೊದಲು ಹೋಗಲಿ ಕಣೋ. ಅಂಗಡಿಯಿಂದ ಪುಡಿ ತರೋದು ನಾಚಿಕೆ ಅಂತ ಸೆರಗಿನಡಿ ಮುಚ್ಚಿಟ್ಕೊಂಡು ಹೋಗ್ತಾರಲ್ಲ, ಆ ನಾಚಿಕೇನ ಅವರೇ ಬಿಡಿಸಲಿ. ಆಮೇಲೆ ನಾವು ಹೋಗಣ,” ಎಂದಳು. ಒಂದು ವರ್ಷ ಕಾದೆವು. ಅಷ್ಟರಲ್ಲಿ ಹೆಂಗಸರು ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದೇ ನಡೆಯಲು ಶುರುಮಾಡಿದ್ದರು. ನಾಚಿಕೆ ಬಿಡಿಸುವ ಖರ್ಚು ದೊಡ್ಡ ಕಂಪನಿಗೆ, ಗಿರಾಕಿ ನಮಗೆ. ಮಂಚೇನಹಳ್ಳಿ ತಾಲ್ಲೂಕು ಆದಾಗ ಮಾತ್ರ ಅವಳು ಒಂದು ವಾರವೂ ಕಾಯಲಿಲ್ಲ. ಆಫೀಸುಗಳು ಬರುತ್ತವೆ, ಬಾಡಿಗೆ ಮನೆ ಮಾಡಿಕೊಂಡು ಹೊರಗಿನವರು ಬರುತ್ತಾರೆ, ಅವರ ಜೊತೆ ಅವರ ಅಜ್ಜಿಯರು ಬರುವುದಿಲ್ಲ ಎಂದು ಲೆಕ್ಕ ಹಾಕಿದ್ದಳು. ಹಾಗೇ ಆಯಿತು.

ಅಕ್ಕ ಹೋದ ಮೇಲೆ ನಾನು ಚಿಕ್ಕಬಳ್ಳಾಪುರದಲ್ಲಿ ಸಣ್ಣ ಉದ್ದಿಮೆದಾರರ ಒಂದು ತರಬೇತಿಗೆ ಹೋಗಿದ್ದೆ. ಪಾಠ ಹೇಳಿದವರು ಚೆನ್ನಾಗಿ ಹೇಳಿದರು. ಮೊದಲು ಹೋಗುವುದರ ಲಾಭವೇನು, ಕಾದು ಹೋಗುವುದರ ಲಾಭವೇನು, ಸ್ಥಳೀಯರ ಕೈಹಿಡಿದು ಹೋಗುವುದು ಹೇಗೆ, ಸ್ವಂತ ಕಾಲಿನ ಮೇಲೆ ಹೋಗುವುದು ಹೇಗೆ ಎಂದು ಪರದೆಯ ಮೇಲೆ ಬಾಣಗಳನ್ನು ಹಾಕಿ ತೋರಿಸಿದರು. ಪ್ರತಿ ಬಾಣ ಬಂದಾಗಲೂ ನನಗೆ ಶಿಡ್ಲಘಟ್ಟ, ತೊಂಡೇಬಾವಿ, ಮಂಚೇನಹಳ್ಳಿ ಕಾಣುತ್ತಿದ್ದವು. ನಿಮ್ಮ ಕಂಪನಿಯಲ್ಲಿ ಹೊಸ ಮಾರುಕಟ್ಟೆಯ ಅಧ್ಯಯನ ಹೇಗೆ ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ನನ್ನ ಸರದಿ ಬಂದಾಗ, ಊಟ ಮಾಡುತ್ತೇವೆ ಸಾರ್ ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಶಿಡ್ಲಘಟ್ಟದ ಪೆಟ್ಟು ತಿಂದ ಮೇಲೆ ಯಾವ ಊರಿಗೆ ಹೋಗುವುದಿದ್ದರೂ ಅಕ್ಕ ಮೊದಲು ಬಸ್ಸು ಹತ್ತಿ ಹೋಗಿ, ಆ ಊರಿನ ಯಾವುದಾದರೂ ಮನೆಯಲ್ಲಿ ಸಾರು ಅನ್ನ ಉಂಡು ಬರುತ್ತಿದ್ದಳು. ಹೋಟೆಲಿನ ಸಾರು ಲೆಕ್ಕಕ್ಕಿಲ್ಲ. ನೆಂಟರಿದ್ದರೆ ನೆಂಟರ ಮನೆ, ಇಲ್ಲದಿದ್ದರೆ ಬಸ್ಸಿನಲ್ಲಿ ಪಕ್ಕ ಕೂತವರ ಮನೆ.

ಈಗ ಚಿಂತಾಮಣಿಯ ವಿಷಯ. ಸಂಕ್ರಾಂತಿ ಕಳೆದ ಮೇಲೆ ಅಲ್ಲಿನ ಸಗಟು ವ್ಯಾಪಾರಿ ವೆಂಕಟರೆಡ್ಡಿ ಎಂಬವರು ಫೋನು ಮಾಡಿದರು. ಹಿಂದೆ ಅಕ್ಕನ ಜೊತೆಗೂ ಒಮ್ಮೆ ಮಾತಾಡಿ, ವ್ಯಾಪಾರ ಕುದುರದೆ ಬಿಟ್ಟವರು. ಊರಿನ ಎಲ್ಲ ಅಂಗಡಿಗೂ ಒಂದೇ ದಿನದಲ್ಲಿ ಪುಡಿ ಮುಟ್ಟಿಸುತ್ತಾರಂತೆ, ನಾನು ಆಟೊ ಕೂಡ ಓಡಿಸಬೇಕಾಗಿಲ್ಲವಂತೆ. ಒಂದೇ ಷರತ್ತು. ನಿಮ್ಮ ಪುಡಿ ಸಪ್ಪೆ, ಚಿಂತಾಮಣಿಯ ನಾಲಿಗೆ ಬೇರೆ, ಖಾರ ಏರಿಸಿ ಬೆಳ್ಳುಳ್ಳಿ ಬೆರೆಸಿ ಕೊಡಬೇಕು. ಶಿವರಾತ್ರಿಯೊಳಗೆ ಹೇಳದಿದ್ದರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ಕೇಳುವುದಕ್ಕೆ ಸಣ್ಣ ಷರತ್ತು. ಆದರೆ ನಮ್ಮದು ಒಂದೇ ಮಿಷನ್ನು. ಒಂದೂರಿಗೆ ಒಂದು ರುಚಿ, ಇನ್ನೊಂದೂರಿಗೆ ಇನ್ನೊಂದು ಎಂದು ಮಾಡಲಾಗುವುದಿಲ್ಲ, ಬೆಳ್ಳುಳ್ಳಿ ಒಂದು ಸಲ ಹೊಕ್ಕರೆ ಮಿಷನ್ನು ಬಿಟ್ಟು ಹೋಗುವುದಿಲ್ಲ. ಜೊತೆಗೆ ಅಕ್ಕ ಅಳತೆಯನ್ನು ಎಲ್ಲೂ ಬರೆದಿಟ್ಟವಳಲ್ಲ. ಹುರಿಯುವ ಇಬ್ಬರು ಹೆಂಗಸರು ವಾಸನೆ ಹಿಡಿದು, ಅಭ್ಯಾಸದ ಬಲದಿಂದ ಅವಳು ಮಾಡುತ್ತಿದ್ದ ಹಾಗೇ ಮಾಡುತ್ತಿದ್ದಾರೆ. ಒಂದು ಸಲ ಬದಲಾಯಿಸಿಬಿಟ್ಟರೆ, ಹಳೆಯದು ಹೀಗಿರಲಿಲ್ಲ, ಇನ್ನೊಂದು ಹಿಡಿ ಕೊತ್ತಂಬರಿ ಬೇಕು ಎಂದು ಹೇಳುವ ನಾಲಿಗೆ ಈಗ ಮನೆಯಲ್ಲಿಲ್ಲ. ಅಕ್ಕನದು ಎಂದು ನನಗೆ ಉಳಿದಿರುವುದೇ ಆ ರುಚಿ. ಅದನ್ನು ಕೊಟ್ಟು ಚಿಂತಾಮಣಿಯನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ನಾನು ಮೂರು ವಾರ ಯೋಚಿಸಿದೆ. ಕೊನೆಗೆ ಅಕ್ಕನ ದಾರಿಯಲ್ಲೇ ಹೋಗಿ ನೋಡುವುದೆಂದು ತೀರ್ಮಾನಿಸಿ ಚಿಂತಾಮಣಿಗೆ ಹೊರಟೆ.

ಅಕ್ಕನಿಗೆ ಕರೆಯದೆ ಊಟಕ್ಕೆ ಹೋಗುವ ಧೈರ್ಯವಿತ್ತು, ನನಗೆ ಕರೆದರೂ ಹೋಗಲು ಸಂಕೋಚ. ಅಲ್ಲಿ ನನ್ನ ಹೆಂಡತಿಯ ಚಿಕ್ಕಮ್ಮ ಪಾಪಮ್ಮನವರ ಮನೆಯಿದೆ. ಊಟದ ಹೊತ್ತಿಗೆ ಸರಿಯಾಗಿ ಹೋದರೆ ಏನೆಂದುಕೊಳ್ಳುತ್ತಾರೋ ಎಂದು ಆ ಬೀದಿಯಲ್ಲಿ ಆಟೊ ಮೂರು ಸುತ್ತು ಹೊಡೆಸಿದೆ. ಮೂರನೆಯ ಸುತ್ತಿನಲ್ಲಿ ಒಬ್ಬ ಹೆಂಗಸು ಕೈ ಅಡ್ಡ ಹಿಡಿದು, ಈರುಳ್ಳಿ ಹೇಗೆ ಕೊಡ್ತೀಯಪ್ಪ ಎಂದು ಕೇಳಿದರು. ಮಾರುಕಟ್ಟೆಯೇ ನನ್ನ ಅಧ್ಯಯನ ಮಾಡತೊಡಗಿದ್ದನ್ನು ಕಂಡು ಗಾಬರಿಯಾಗಿ ಸೀದಾ ಪಾಪಮ್ಮನವರ ಮನೆಯೊಳಗೆ ನುಗ್ಗಿದೆ.

ಅವರು ತಟ್ಟೆ ಹಾಕಿಯೇ ಮಾತು ಶುರುಮಾಡಿದರು. ಬಿಸಿ ಮುದ್ದೆ, ಆಮೇಲೆ ಅನ್ನ, ಅದರ ಮೇಲೆ ಸಾರು. ವೆಂಕಟರೆಡ್ಡಿಯವರು ಸುಳ್ಳು ಹೇಳಿರಲಿಲ್ಲ. ಮೊದಲ ತುತ್ತಿಗೇ ಕಿವಿಯೊಳಗೆ ರೈಲು ಕೂಗಿತು. ಕಣ್ಣಿನಲ್ಲಿ ನೀರು ತುಂಬಿ ಕೆನ್ನೆಯ ಮೇಲೆ ಇಳಿಯಿತು. ನೀರು ಕೇಳೋಣವೆಂದರೆ ಗಂಟಲು ಬಿಡಲಿಲ್ಲ. ಅದೇ ಹೊತ್ತಿಗೆ ಪಾಪಮ್ಮನವರು ನಿಮ್ಮಕ್ಕನಿಗೆ ಏನಾಗಿತ್ತಪ್ಪ ಎಂದು ಕೇಳುತ್ತಿದ್ದರು. ನನ್ನ ಮುಖ ನೋಡಿದ್ದೇ ಸೌಟು ಕೆಳಗಿಟ್ಟರು. “ಏಡವಕು ನಾಯನಾ, ಅಳಬೇಡಪ್ಪ, ಅನ್ನದ ಮುಂದೆ ಅಳಬಾರದು,” ಎನ್ನುತ್ತಾ ತಾವೇ ಅಳತೊಡಗಿದರು. ಪಕ್ಕದ ಮನೆಯವರು ಏನಾಯಿತೆಂದು ಬಂದರು, ವಿಷಯ ಕೇಳಿ ಅವರೂ ಸೆರಗು ಕಣ್ಣಿಗೆ ಒತ್ತಿಕೊಂಡರು. ಇದು ಖಾರಕ್ಕೆ ಎಂದು ಹೇಳುವ ಘಟ್ಟ ದಾಟಿಹೋಗಿತ್ತು. ನಾನು ಎರಡನೆಯ ತುತ್ತು ತೆಗೆದುಕೊಂಡೆ. ಕಣ್ಣೀರು ನಿಲ್ಲಲಿಲ್ಲ, ಖಾರ ಮಾತ್ರ ಗೊತ್ತಾಗಲಿಲ್ಲ. ಅಕ್ಕನನ್ನು ಮಣ್ಣು ಮಾಡಿದ ದಿನವೂ, ತಿಥಿಯ ದಿನವೂ, ನೆಂಟರಿಗೆ ಎಲೆ ಹಾಕಿಸುವುದು, ನೀರಿನ ಕ್ಯಾನು ತರಿಸುವುದು ಎಂದು ಓಡಾಡುತ್ತಿದ್ದವನನ್ನು ಯಾರೂ ಹೀಗೆ ಕೂರಿಸಿ ಅಳಬೇಡಪ್ಪ ಎಂದಿರಲಿಲ್ಲ.

ಊಟವಾದ ಮೇಲೆ ನಾಚಿಕೆ ಮುಚ್ಚಿಕೊಳ್ಳಲು ಬಂದ ಕೆಲಸ ಹೇಳಿದೆ. ಪಾಪಮ್ಮನವರು ನಮ್ಮ ಪ್ಯಾಕೆಟ್ಟನ್ನು ಕತ್ತರಿಸಿ ಮೂಗಿನ ಹತ್ತಿರ ಹಿಡಿದರು. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡರು. ಆಮೇಲೆ ಒಲೆಯ ಪಕ್ಕದಲ್ಲಿದ್ದ ಒಂದು ಡಬ್ಬ ತೋರಿಸಿದರು. “ಅದು ಕಾರಂ ಪುಡಿ. ಚಿಂತಾಮಣೀಲಿ ಇಲ್ಲದ ಮನೆ ಇಲ್ಲ. ಯಾವ ಪುಡಿ ತಂದ್ರೂ ಖಾರ ನಾವು ಹಾಕ್ಕೊಂತೀವಿ ಕಣಪ್ಪ. ಘಮ ಎಲ್ಲಿಂದ ತಂದು ಹಾಕ್ಕೊಳ್ಳೋದು? ಇದನ್ನ ಮುಟ್ಟಬೇಡ.”

ನಾನು ಅಲ್ಲಿಂದ ನೇರ ವೆಂಕಟರೆಡ್ಡಿಯವರ ಅಂಗಡಿಗೆ ಹೋಗಿ, ಪುಡಿ ಬದಲಾಗುವುದಿಲ್ಲ ಎಂದು ಹೇಳಿದೆ. ಜೀವನದಲ್ಲಿ ಮೊದಲ ಸಲ ನಾನೊಂದು ವಾಕ್ಯವನ್ನು ‘ಆದರೆ’ ಇಲ್ಲದೆ ಮುಗಿಸಿದ್ದು. ನೀನೂ ನಿಮ್ಮಕ್ಕನ ಥರಾನೇ ಮೊಂಡ ಎಂದು ಅವರು ರೇಗಿದರು. ತರಬೇತಿಯಲ್ಲಿ ಕೊಟ್ಟ ಸರ್ಟಿಫಿಕೇಟಿಗಿಂತ ನನಗೆ ಅದೇ ಹೆಚ್ಚೆನಿಸಿತು. ಇಡೀ ಊರಿನ ಆಸೆ ಬಿಟ್ಟು, ಪಾಪಮ್ಮನವರ ಬೀದಿಯ ಸುತ್ತಲಿನ ಮೂರೇ ಅಂಗಡಿಗಳಿಗೆ ಸ್ವಲ್ಪ ಸ್ವಲ್ಪ ಪುಡಿ ಹಾಕಿ ಬಂದೆ.

ಒಂದೇ ವಾರದಲ್ಲಿ ಮೂರೂ ಅಂಗಡಿಯಲ್ಲಿ ಖಾಲಿ. ನಾನು ಹೆಂಡತಿಯನ್ನು ಕೂರಿಸಿಕೊಂಡು ಕಾರಣಗಳನ್ನು ವಿವರಿಸಿದೆ. ಕಾಲ ಸರಿಯಾಗಿತ್ತು, ಡಬ್ಬಗಳ ತಳ ಕಂಡಿತ್ತು. ದಾರಿ ಸರಿಯಾಗಿತ್ತು, ಸಣ್ಣದಾಗಿ ಶುರುಮಾಡಿ ಪರೀಕ್ಷೆ ಮಾಡಿದೆವು. ಪದಾರ್ಥ ಸರಿಯಾಗಿತ್ತು, ಘಮ ಕಾಪಾಡಿಕೊಂಡೆವು. ಇನ್ನು ಬಾಗೇಪಲ್ಲಿಗೂ ಹೀಗೇ ಹೋಗಬಹುದು ಎಂದೆ. ಅವಳು ಬೆಳ್ಳುಳ್ಳಿ ಸುಲಿಯುತ್ತಾ ಹೂಂ ಎನ್ನುತ್ತಿದ್ದಳು. ಅಷ್ಟರಲ್ಲಿ ಚಿಂತಾಮಣಿಯ ಅಂಗಡಿಯವನ ಫೋನು ಬಂತು. ನಾನು ಗತ್ತಿನಿಂದ ಸ್ಪೀಕರ್ ಹಾಕಿದೆ.

“ಅಣ್ಣಾ, ಎರಡು ಪೆಟ್ಟಿಗೆ ಕಳಿಸಿ. ಅಕ್ಕನ್ನ ನೆನೆಸ್ಕೊಂಡು ಊಟದ ಮುಂದೆ ಅತ್ತರಂತಲ್ಲ, ಪಾಪ, ಅವರ ಪುಡಿ ಕೊಡಪ್ಪ ಅಂತ ಪಕ್ಕದ ಬೀದಿಯಿಂದಲೂ ಬರ್ತಾವ್ರೆ.”

ಹೆಂಡತಿ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಇಂಥ ದಾರಿಗೆ ಆ ಪರದೆಯ ಮೇಲೆ ಯಾವ ಬಾಣವೂ ಇರಲಿಲ್ಲ. ಅದು ಖಾರಕ್ಕೆ ಬಂದ ನೀರು, ಬೇರೇನೂ ಅಲ್ಲ ಎಂದು ಅಂಗಡಿಯವನಿಗೆ ಹೇಳಿಬಿಡೋಣವೆಂದು ಬಾಯಿ ತೆಗೆದೆ. ಮೊದಲನೆಯ ತುತ್ತಿನ ಮಟ್ಟಿಗೆ ಅದು ಸತ್ಯವೇ. ಎರಡನೆಯ ತುತ್ತಿನ ವಿಷಯ ಅವನು ಕೇಳಿಬಿಟ್ಟರೆ ಕಷ್ಟ. ಸಂಜೆಯೊಳಗೆ ಕಳಿಸುತ್ತೇನೆ ಎಂದು ಫೋನಿಟ್ಟೆ.