ಜಾಹೀರಾತು ಬರೂತನಕ ತಡೀರಿ

ಹೊಲಿಗೆ ಮಷಿನ್ನಿನ ಎದುರಿಗೇ ಟಿವಿ ಇಟ್ಟುಕೊಂಡವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಸವಣೂರಿನಲ್ಲಿ ಮನೆಯಲ್ಲೇ ಬ್ಲೌಸು ಹೊಲಿಯುವವಳು. ಕಾಲು ಮಷಿನ್ನಿನ ಮೇಲೆ, ಕಣ್ಣು ಧಾರಾವಾಹಿಯ ಮೇಲೆ. ಕೇಳಿದವರು ನಗುತ್ತಾರೆ, ಹೇಳುವಾಗ ನಾನೂ ನಗುತ್ತೇನೆ. ಒಬ್ಬಳೇ ಇದ್ದಾಗ ಮಾತ್ರ ಅಷ್ಟು ನಗು ಬರುವುದಿಲ್ಲ.

ಎರಡೂ ಎಡಗೈ

ಶಿಗ್ಗಾಂವಿಯ ಶಾಲೆಗೆ ಹೋಗುವ ಟೀಚರೊಬ್ಬರು ಹೊಸ ಬ್ಲೌಸು ತೊಟ್ಟುಕೊಂಡೇ ಬಂದರು.

"ಅಕ್ಕಾರ, ಬಲಗೈ ಮ್ಯಾಲ ಎತ್ತಾಕ ಆಗವಲ್ದರಿ."

ನೋಡಿದೆ. ಧಾರಾವಾಹಿಯಲ್ಲಿ ಮದುವೆ ನಿಂತುಹೋದ ದಿನ ಕತ್ತರಿಸಿದ ಬಟ್ಟೆ ಅದು. ಎರಡೂ ತೋಳು ಎಡಗೈಯವೇ! ಆದರೂ ಒಪ್ಪಿಕೊಳ್ಳಲಿಲ್ಲ.

"ಹೊಸಾದಲ್ರಿ, ತೊಟ್ಟಂಗ ತೊಟ್ಟಂಗ ಸಡ್ಲ ಆಗ್ತೈತ್ರಿ."

"ಅಲ್ಲೀತನಕ ಬೋರ್ಡಿನ ಕೆಳಗಿನ ಅರ್ಧದಾಗ ಅಷ್ಟ ಬರೀಲೇನ್ರಿ? ಪಾಠ ಅರ್ಧಕ್ಕ ಮುಗಿದ್ವು ಅಂತ ಹುಡುಗ್ರು ಖುಷಿ ಆಗ್ಯಾರ!"

ಬಿಚ್ಚಿ ಹೊಲಿದುಕೊಟ್ಟೆ. ಆಮೇಲೆ ಅವರು ನನ್ನ ಹತ್ತಿರ ಹೊಲಿಸಲಿಲ್ಲ.

ಮೀಸೆ

ಒಂದು ಸಲ ನಮ್ಮ ಟಿವಿ ಕೆಟ್ಟು ವಾರಗಟ್ಟಲೆ ರಿಪೇರಿಗೆ ಹೋಯಿತು. ನನ್ನ ಯಜಮಾನರು ಯಲವಿಗಿ ಸ್ಟೇಷನ್ನಿಗೆ ಟಂಟಂ ಗಾಡಿ ಹೊಡೆಯುತ್ತಾರೆ. ಸಂಜೆ ಬಂದು ಏನಾದರೂ ಹೇಳಹೊರಟರೆ, "ಜಾಹೀರಾತು ಬರೂತನಕ ತಡೀರಿ" ಅನ್ನುವುದು ನನಗೆ ರೂಢಿ. ಟಿವಿ ಹೋದ ದಿನ ಸಂಜೆ ತಡೀರಿ ಅನ್ನುವುದಕ್ಕೆ ಏನೂ ಇರಲಿಲ್ಲ. ಎದುರಾಬದುರು ಕೂತೆವು. ಅವರ ಮುಖ ನೋಡಿದೆ.

"ಅಯ್ಯ, ಮೀಸಿ ಎಲ್ರಿ?"

"ತಿರುಪತಿಯೊಳಗ ಕೊಟ್ಟೆ. ಆಮ್ಯಾಲ ಬಿಡಲೇ ಇಲ್ಲ."

"ನನಗೊಂದು ಮಾತು ಹೇಳದ ಯಾವಾಗ ಹೋಗಿದ್ರಿ?"



"ನೀನೂ ಬಂದಿದ್ದಿ. ಮೊಬೈಲಿನ್ಯಾಗ ಧಾರಾವಾಹಿ ನೋಡ್ಕೋತ ಪಾಳಿ ಹಿಡಿದು ನಿಂತಿದ್ದಿ."

ಅವ್ವನ ಕಣ್ಣು

ಒಂದು ಸಂಜೆ ಅವ್ವ ತಿಳವಳ್ಳಿಯಿಂದ ಬಂದು ನನ್ನ ಪಕ್ಕ ಕೂತಳು. ಏನೋ ಹೇಳುತ್ತಿದ್ದಳು. ಟಿವಿಯಲ್ಲಿ ನಾಯಕಿಯ ತಾಯಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿ ಒಳಗೆ ಒಯ್ಯುತ್ತಿದ್ದರು. ನಾನು ಸೆರಗು ಬಾಯಿಗೆ ಇಟ್ಟುಕೊಂಡು ಅತ್ತೆ. ಅವ್ವ ನನ್ನ ಬೆನ್ನು ಸವರಿದಳು. ಮರುದಿನ ಊರಿಗೆ ಹೋದಳು.

ಹದಿನೈದು ದಿನಕ್ಕೆ ಅಣ್ಣನ ಫೋನು.

"ಅವ್ವನ ಕಣ್ಣಿನ ಪೊರಿ ಆಪರೇಷನ್ ಹಾನಗಲ್ಲಿನ್ಯಾಗ ಮೊನ್ನೆ ಆತು. ನೀ ಬರಲೇ ಇಲ್ಲಲ್ಲ?"

"ನನಗ ಯಾರು ಹೇಳ್ಯಾರ?"

"ಅವ್ವ ಖುದ್ದ ನಿಮ್ಮನಿಗೆ ಬಂದು ಹೇಳ್ಯಾಳ. ನೀ ಭಾಳ ಅತ್ತಿಯಂತ!"

ಮಷಿನ್ ನಿಲ್ಲಿಸಿದೆ. ಸಿಕ್ಕ ಬಸ್ಸಿಗೆ ತಿಳವಳ್ಳಿಗೆ ಹೋದೆ. ಅವ್ವ ಕಪ್ಪು ಚಸಮಾ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ನಡೆದದ್ದನ್ನು ಹೇಳಿಬಿಡಬೇಕು ಅಂತಲೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಯಿ ಹಾಕಿದಳು.

"ಅವ್ವನ ಮ್ಯಾಲ ಅಷ್ಟ ಜೀವ ಇದ್ದಾಕಿ, ಆಪರೇಷನ್ನಿಗೆ ಯಾಕ ಬರಲಿಲ್ಲವಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಸಿಟ್ಟಾದಳು.

"ಆಕಿ ಹ್ಯಾಂಗ ಬರ್ತಾಳ? ಹೇಳಿದ್ದಕ್ಕ ಅಷ್ಟ ಅತ್ತಾಕಿ, ದವಾಖಾನ್ಯಾಗ ನನ್ನ ನೋಡಿದ್ರ ಎದಿ ಒಡಕೋತಿದ್ಲು. ಬರದಿದ್ದದ್ದ ಚಲೋ ಆತು. ಆಕಿ ಅತ್ತದ್ದು ನೆನಿಸ್ಕೊಂಡ ನಾ ಧೈರ್ಯಾ ಮಾಡಿ ಒಳಗ ಹೋದ್ನಿ."

ಅವ್ವನ ಕೈ ಹಿಡಿದುಕೊಂಡು ಅಲ್ಲೇ ಕೂತೆ. ಈ ಸಲ ಎದುರಿಗೆ ಯಾವ ಟಿವಿಯೂ ಇರಲಿಲ್ಲ. ಬಿಕ್ಕಿ ಬಿಕ್ಕಿ ಅಳು ಬಂತು.

ಅವ್ವ ಕಪ್ಪು ಚಸಮಾದ ಮುಖವನ್ನು ಪಕ್ಕದ ಮನೆಯಾಕೆಯ ಕಡೆ ತಿರುಗಿಸಿ ಹೆಮ್ಮೆಯಿಂದ ಅಂದಳು:

"ನೋಡ್ದೇನವಾ? ಆಕಿ ಯಾವಾಗಲೂ ಹಿಂಗ!"