ಬೆನ್ನು ತಿರುಗಿಸಿ ನಿಂತ ದೊಡ್ಡಪ್ಪ

ಕೋರ್ಟಿನ ವಿಷಯ ಬರೆಯುವಷ್ಟು ಕಾನೂನು ಓದಿದವನು ನಾನಲ್ಲ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗನಾದ್ದರಿಂದ ತಿದ್ದಿಕೊಡುವವರೂ ಇಲ್ಲ. ಲೋಪಗಳಿದ್ದರೆ ಓದುಗರು ಕ್ಷಮಿಸಬೇಕು. ಆದರೆ ಒಂದನ್ನು ಧೈರ್ಯವಾಗಿ ಹೇಳಬಲ್ಲೆ: ನ್ಯಾಯ ಹೇಳಲು ಬೇಕಾದದ್ದು ಕಣ್ಣಲ್ಲ, ಕಿವಿಯಲ್ಲ, ಬೆನ್ನು ಎಂದು ನಂಬಿದ್ದವರು ಭೂಮಿಯ ಮೇಲೆ ಒಬ್ಬರೇ. ಅವರು ನಮ್ಮ ದೊಡ್ಡಪ್ಪ!

ಅರಸೀಕೆರೆ ತಾಲ್ಲೂಕಿನ ಗಂಡಸಿ ಬಳಿಯ ನಮ್ಮೂರಿನಲ್ಲಿ ಹಬ್ಬದ ಮರುದಿನ ಕೆಲವು ಮನೆಯವರು ಸೇರಿ ಕುರಿ ಕಡಿದು, ಮಾಂಸವನ್ನು ಮನೆಗೊಂದರಂತೆ ಗುಡ್ಡೆ ಹಾಕುತ್ತಾರೆ. ಒಬ್ಬರು ಒಂದು ಗುಡ್ಡೆ ತೋರಿಸಿ "ಇದ್ಯಾರಿಗೆ?" ಎನ್ನಬೇಕು, ಗುಡ್ಡೆ ಕಾಣದಂತೆ ಬೆನ್ನು ತಿರುಗಿಸಿ ನಿಂತವರು ಒಂದು ಮನೆಯ ಹೆಸರು ಹೇಳಬೇಕು. ಈ ಬೆನ್ನಿನ ಉದ್ಯೋಗ ಸದಾ ದೊಡ್ಡಪ್ಪನದು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು! ಯುಗಾದಿಗೆ ಅರಸೀಕೆರೆಯಿಂದ ತಂದ ಬಟ್ಟೆಗಳನ್ನೂ ಹೀಗೆಯೇ ಹಂಚಿದರು. ನನಗೆ ಅಜ್ಜಿಯ ಸೀರೆ ಬಂತು, ಅಜ್ಜಿಗೆ ನನ್ನ ಪ್ಯಾಂಟು.

"ಈ ವಯಸ್ನಲ್ಲಿ ಪ್ಯಾಂಟ್ ಹಾಕ್ಕಂಡು ನೀರಿಗೆ ಹೋಗ್ಲೇನ್ಲಾ?" ಎಂದು ಅಜ್ಜಿ ಕೂಗಿದರು.

"ಹೋಗವ್ವ, ಯಾರ್ ಬ್ಯಾಡ ಅಂದ್ರು? ಮೋಸ ಮಾತ್ರ ಆಗಿಲ್ಲ!" ಎಂದರು ದೊಡ್ಡಪ್ಪ.

ತೊಂಬತ್ತರ ದಶಕದ ಕೊನೆಯಲ್ಲಿ ದಾಯಾದಿ ಚಿಕ್ಕಪ್ಪ ನಮ್ಮ ತೋಟದ ದಾರಿಗೆ ಬೇಲಿ ಹಾಕಿದರು. ಗಾಡಿ ನಿಂತಿತು. ನನ್ನ ತಾಯಿ ತೆಂಗಿನಕಾಯಿ ಮೂಟೆಗಳನ್ನು ತಲೆಯ ಮೇಲೆ ಹೊತ್ತು ಕೆರೆ ಏರಿ ಬಳಸಿ ಬರತೊಡಗಿದರು. ಕ್ರಮೇಣ ಅವರ ಕತ್ತೇ ತಿರುಗದಂತಾಯಿತು. ದೊಡ್ಡಪ್ಪ ಅರಸೀಕೆರೆಯ ಕೋರ್ಟಿನಲ್ಲಿ ದಾವೆ ಹೂಡಿದರು.

ಅಲ್ಲಿದ್ದ ಇಬ್ಬರು ನ್ಯಾಯಾಧೀಶರಲ್ಲಿ, ಸರದಿಯಂತೆ ನಮ್ಮ ದಾವೆ ಹೊಸದಾಗಿ ಬಂದವರ ಪಾಲಿಗೆ ಬಿತ್ತು. ಅವರು ಓದುವ ಕಾಲದಲ್ಲಿ ನಮ್ಮ ಮನೆಯಲ್ಲೇ ಉಂಡು ಬೆಳೆದವರು! ಅಜ್ಜಿಯ ಹಿಗ್ಗನ್ನು ಏನೆಂದು ವರ್ಣಿಸಲಿ?

"ನಮ್ಮನೆ ಮುದ್ದೆ ಉಂಡ ಹುಡ್ಗ ಕಣ್ರೋ! ಕೈ ಬಿಟ್ಟಾನಾ?"

ವಿಚಾರಣೆಯ ದಿನ ಹೆಸರು ಕೂಗಿದೊಡನೆ ದೊಡ್ಡಪ್ಪ ಮುಂದೆ ಹೋದರು. ಹೋದವರೇ ನ್ಯಾಯಾಧೀಶರಿಗೆ ಬೆನ್ನು ತಿರುಗಿಸಿ ನಿಂತರು! ನಮ್ಮ ವಕೀಲರು ಬೆವರು ಒರೆಸಿಕೊಂಡರು.

"ಏನ್ರೀ ಇದು? ಈ ಕಡೆ ತಿರುಗ್ರಿ," ಎಂದರು ನ್ಯಾಯಾಧೀಶರು.

"ತಿರುಗಿದ್ರೆ ನಿಮಗೆ ಗುರ್ತು ಸಿಕ್ತದೆ ಸ್ವಾಮಿ. ನಮ್ಮನೇಲಿ ಉಂಡಿದ್ದೀರಿ. ಈ ಗುಡ್ಡೆ ಬ್ಯಾರೆಯವ್ರು ಹಂಚ್ಲಿ."

ಕೋರ್ಟೆಲ್ಲ ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ ನಾವು ನಗಲಿಲ್ಲ. ನ್ಯಾಯಾಧೀಶರಿಗೆ ಬೆನ್ನು ಹಾಕಿದ ದೊಡ್ಡಪ್ಪನ ಮುಖ ನಮ್ಮ ಕಡೆಗಿತ್ತಲ್ಲ! ಅವರು ನನ್ನ ತಾಯಿಯ ಕತ್ತನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು. ಸೋತರೆ ಏನಾಗುವುದೆಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ.

ನ್ಯಾಯಾಧೀಶರು ಸಿಟ್ಟಾಗಲಿಲ್ಲ. ಈ ಮನೆಯ ಪರಿಚಯ ತಮಗಿದೆಯೆಂದು ಎರಡೂ ಕಡೆಯವರೆದುರು ಹೇಳಿ, ಜಿಲ್ಲಾ ನ್ಯಾಯಾಧೀಶರಿಗೆ ಬರೆದರು. ದಾವೆ ಪಕ್ಕದ ಕೋರ್ಟಿಗೆ ಹೋಯಿತು. ಮುಂದೆ ಅಲ್ಲಿ ನಮ್ಮ ಪರವಾಗಿಯೇ ತೀರ್ಪಾಯಿತು. ಇಬ್ಬರು ನ್ಯಾಯಾಧೀಶರಿಗೂ ನಾವು ಇಂದಿಗೂ ಋಣಿಗಳು.

ಚಿಕ್ಕಪ್ಪ ಮೇಲ್ಮನವಿಗೆ ಹೋಗಲಿಲ್ಲ. "ನಿನ್ ಕಡೆ ಜಡ್ಜನ್ನ ನೀನೇ ಬಿಟ್ಟೆ ಕಣಣ್ಣ, ಇನ್ನೆಲ್ಲಿಗೆ ಹೋಗ್ಲಿ?" ಎಂದು ಬೇಲಿಯನ್ನು ತಾವೇ ಕಿತ್ತರು.

ಅಂದಿನಿಂದ ಆ ದಾರಿಯಲ್ಲಿ ಎರಡೂ ಮನೆಯ ಗಾಡಿಗಳು ಓಡಾಡುತ್ತಿವೆ. ನನ್ನ ತಾಯಿ ಮತ್ತೆಂದೂ ಕಾಯಿ ಹೊರಲಿಲ್ಲ.